ಮಾರೆನ್ ನೋಡಬಾರದ ಪತ್ರ

ನಮ್ಮ ಹೈಸ್ಕೂಲಿನಿಂದ ಕಾಲೇಜಿಗೆ ಅರ್ಜಿ ಹಾಕುವ ಮಕ್ಕಳಿಗೆ ನಾನು ಮೊದಲು ಹೇಳುವುದು ಒಂದೇ ಮಾತು: ಅರ್ಜಿಯಲ್ಲಿ, ಶಾಲೆಯವರು ಬರೆಯುವ ಶಿಫಾರಸು ಪತ್ರ ನೋಡುವ ಹಕ್ಕು ನನಗೆ ಬೇಡ ಎಂಬ ಚೌಕದಲ್ಲಿ ಗುರುತು ಹಾಕಿಬಿಡಿ. ವಿದ್ಯಾರ್ಥಿ ನೋಡದ ಪತ್ರವನ್ನೇ ಕಾಲೇಜಿನವರು ನಂಬುವುದು. ಸಲಹೆಗಾರ್ತಿಯಾಗಿ ಇಪ್ಪತ್ತೆರಡು ವರ್ಷವಾಯಿತು, ಯಾಕೆ ಎಂದು ಒಬ್ಬರೂ ಕೇಳಿಲ್ಲ. ಮಾರೆನ್ ಓಸ್ಟ್‌ಬಿಯೂ ಕೇಳಲಿಲ್ಲ, ಗುರುತು ಹಾಕಿ ಎದ್ದುಹೋದಳು.

ಹೋದ ವರ್ಷ, ಹನ್ನೊಂದನೇ ತರಗತಿಯಲ್ಲಿ, ಮಾರೆನ್ ಒಂಬತ್ತು ವಾರ ಶಾಲೆಗೆ ಬಂದಿರಲಿಲ್ಲ. ಅದರಲ್ಲಿ ಮೂರು ವಾರ ಡುಲೂತ್ ನಗರದ ಆಸ್ಪತ್ರೆಯಲ್ಲಿದ್ದಳು. ಖಿನ್ನತೆ. ಅವಳಪ್ಪ ಡಾರಿಲ್ ಮಾತ್ರ ಊರಿಗೆಲ್ಲ ವಿಪರೀತ ಜ್ವರ ಎಂದು ಹೇಳಿಕೊಂಡು ತಿರುಗಿದ. ಜಿಲ್ಲೆಯ ರಸ್ತೆಗಳಲ್ಲಿ ಹಿಮ ತೆಗೆಯುವ ಲಾರಿ ಓಡಿಸುವವನು ಅವನೇ, ಹಾಗಾಗಿ ಸುಳ್ಳು ಬೇಗ ಎಲ್ಲ ಮನೆ ಮುಟ್ಟಿತು. ಯಾರೂ ನಂಬಲಿಲ್ಲ, ಯಾರೂ ಕೆದಕಲೂ ಇಲ್ಲ. ನಮ್ಮೂರಿನ ಸೌಜನ್ಯವೇ ಹಾಗೆ: ಆಲೂಗಡ್ಡೆ, ಮಾಂಸ ಹಾಕಿ ಬೇಯಿಸಿದ ಬಿಸಿ ಅಡುಗೆಯ ಪಾತ್ರೆಯನ್ನು ಆ ಮನೆಯ ಮೆಟ್ಟಿಲ ಮೇಲಿಟ್ಟು, ಬೆಲ್ ಒತ್ತದೆ ಕಾರು ಹತ್ತುತ್ತೇವೆ.

ಅಂಕಪಟ್ಟಿಗೆ ಅಂಥ ಸೌಜನ್ಯವಿಲ್ಲ. ಕೆಮಿಸ್ಟ್ರಿಯನ್ನು ಅರ್ಧಕ್ಕೆ ಬಿಟ್ಟದ್ದು, ಎರಡು ವಿಷಯಗಳಲ್ಲಿ ನೆಲಕಚ್ಚಿದ್ದು ಎಲ್ಲ ಅಲ್ಲಿತ್ತು. ಮಾರೆನ್‌ಗೆ ಬೇಕಾಗಿದ್ದುದು ಒಂದೇ ಕಾಲೇಜು, ಸರೋವರದ ಮೀನುಗಳ ಬಗ್ಗೆ ಕಲಿಸುವಂಥದ್ದು. ಅಲ್ಲಿ ನೂರು ಅರ್ಜಿಗೆ ಹದಿನೈದು ಸೀಟು. ಆ ಒಂಬತ್ತು ವಾರಗಳ ಬಗ್ಗೆ ಅವರಿಗೆ ಏನು ಹೇಳುವುದು?

"ಅರ್ಜಿಯ ಪ್ರಬಂಧದಲ್ಲಿ ಇದ್ದದ್ದು ಇದ್ದ ಹಾಗೆ ಬರೀತೀನಿ. ಮುಚ್ಚಿಡೋಕೆ ನಾನೇನು ಕದ್ದಿದ್ದೀನಾ? ನೀವೂ ಪತ್ರದಲ್ಲಿ ಬರೀರಿ," ಎಂದಳು ಮಾರೆನ್ ಸೆಪ್ಟೆಂಬರಿನಲ್ಲಿ.

ನನಗೆ ಹೆಮ್ಮೆಯಾಯಿತು. ಅದೇ ದಿನ ಕೂತು ಅವಳ ಧೈರ್ಯವನ್ನು ಹಾಡಿಹೊಗಳಿ ಪತ್ರ ಬರೆದಿಟ್ಟೆ.

ಅಕ್ಟೋಬರಿನಲ್ಲಿ ಡಾರಿಲ್ ಕೆಸರು ಬೂಟಿನಲ್ಲೇ ನನ್ನ ಕೋಣೆಗೆ ನುಗ್ಗಿದ. ನಾವಿಬ್ಬರೂ ಇದೇ ಶಾಲೆಯಲ್ಲಿ ಒಂದೇ ಕ್ಲಾಸಿನಲ್ಲಿದ್ದವರು.

"ವರ್ನಾ, ಅದನ್ನೆಲ್ಲ ಓದಿದ ಮೇಲೆ ಯಾವನು ಸೀಟ್ ಕೊಡ್ತಾನೆ?"

"ಕೊಡೋರೂ ಇದ್ದಾರೆ."

"ಕಾಲು ಮುರಿದಿತ್ತು ಅಂತ ಬರಿ. ಕಾಲಿನ ವಿಷಯಕ್ಕೆ ಯಾರೂ ಎರಡನೇ ಪ್ರಶ್ನೆ ಕೇಳಲ್ಲ."

"ಯಾವ ಕಾಲು ಅಂತ ಬರೀಲಿ? ಎಡಗಾಲಾ, ಬಲಗಾಲಾ?"

ಅವನು ನಗಲಿಲ್ಲ. "ಒಂದು ಸಲ ಕಾಗದಕ್ಕೆ ಬಿತ್ತು ಅಂದ್ರೆ ಅದು ಅವಳ ಬೆನ್ನು ಬಿಡಲ್ಲ ಕಣೇ," ಎಂದ. ನನಗೆ ಸಿಟ್ಟು ಬಂದಿತ್ತು, ಆದರೂ ನೀನು ಹೇಳುವುದು ತಪ್ಪು ಎನ್ನಲಾಗಲಿಲ್ಲ. ಯಾರನ್ನು ಯಾಕೆ ಬೇಡವೆಂದೆವು ಎಂದು ಯಾವ ಕಾಲೇಜೂ ಹೇಳುವುದಿಲ್ಲ.

ಮೂರು ದಿನ ಬಿಟ್ಟು ಮಾರೆನ್ ಬಂದಳು. "ಬರೆಯಲ್ಲ ಮಿಸೆಸ್ ಹೋಗ್ಲಂಡ್. ನೀವೂ ಬರೀಬೇಡಿ."

"ಅಪ್ಪ ಹೇಳಿದ್ದಕ್ಕಾ?"

"ಅಲ್ಲ. ನನ್ನ ಪ್ರಬಂಧ ಓದೋವಾಗ ಅವರು ಮೀನಿನ ಬಗ್ಗೆ ಯೋಚನೆ ಮಾಡ್ಬೇಕು. ಅಯ್ಯೋ ಪಾಪ ಅನ್ನಬಾರದು. ಮಾತು ಕೊಡ್ತೀರಾ?"

ಕೊಟ್ಟೆ. ಆರೋಗ್ಯದ ಕಾರಣ ರಜೆ ಎಂದಷ್ಟೇ ಹೇಳುವ ಎರಡನೇ ಪತ್ರ ಬರೆದೆ. ಅರ್ಜಿಯ ಕೊನೆಯ ದಿನ ಮೂವತ್ನಾಲ್ಕು ಮಕ್ಕಳ ಕಾಗದಗಳನ್ನು ಒಂದೇ ಉಸಿರಿನಲ್ಲಿ ಕಳಿಸಿದೆ. ಮಾರೆನ್‌ಳ ಕಾಗದಗಳ ಜೊತೆ ಹೋದದ್ದು ಮೊದಲನೆಯ ಪತ್ರ. ನನಗದು ಗೊತ್ತಾದದ್ದು ಎಂಟು ದಿನಗಳ ಮೇಲೆ.

ಕಾಲೇಜಿಗೆ ಫೋನ್ ಮಾಡಿದೆ. "ಬೇರೆ ಪತ್ರ ಕಳಿಸಿ, ಸೇರಿಸ್ತೀವಿ. ಆದ್ರೆ ಅವಳ ಕಡತ ಆಗಲೇ ಓದಿ ಆಗಿದೆ ಮೇಡಂ," ಎಂದಳು ಅಲ್ಲಿನ ಹೆಂಗಸು.

ನನಗೆ ನಾಚಿಕೆಯಾಯಿತು. ಬಾಯಿ ಮುಚ್ಚಿಕೊಂಡು ಇದ್ದುಬಿಡುವ ಆಸೆಯೂ ಆಯಿತು, ಅದನ್ನೇಕೆ ಮುಚ್ಚಿಡಲಿ. ಪತ್ರ ನೋಡುವ ಹಕ್ಕು ಅವಳಿಗಿರಲಿಲ್ಲ. ಆ ಗುರುತು ಹಾಕಿಸಿದವಳು ನಾನೇ. ಸೀಟು ಸಿಗದಿದ್ದರೆ ನನ್ನಿಂದಲೇ ತಪ್ಪಿತೆಂದು ಅವಳಿಗೆ ಎಂದೂ ತಿಳಿಯುತ್ತಿರಲಿಲ್ಲ. ಮಧ್ಯಾಹ್ನದ ಊಟದವರೆಗೂ ಹೀಗೆ ಒದ್ದಾಡಿ, ಕೊನೆಗೆ ಅವಳನ್ನು ಕರೆಸಿ ಹೇಳಿದೆ.

ಅವಳು ಬೈಯಲಿಲ್ಲ. ಸ್ವೆಟರಿನ ತೋಳಿನೊಳಗೆ ಕೈ ಎಳೆದುಕೊಂಡು, "ಆ ಪತ್ರ ಓದಿ," ಎಂದಳು.

ಓದಿದೆ. 'ಈ ಕಾಯಿಲೆಯನ್ನು ಸಂಪೂರ್ಣವಾಗಿ ಗೆದ್ದು ಬಂದ ಹುಡುಗಿ' ಎಂಬಲ್ಲಿಗೆ ಬಂದಾಗ ಅವಳು ತಲೆಯೆತ್ತಿದಳು.

"ಗೆದ್ದೆ ಅಂತ ನಿಮಗೆ ಯಾರು ಹೇಳಿದ್ದು?"

ನೆನಪಿಸಿಕೊಳ್ಳಲು ನೋಡಿದೆ. ಡಾಕ್ಟರು ಹೇಳಿರಲಿಲ್ಲ, ಡಾರಿಲ್ ಹೇಳಿರಲಿಲ್ಲ, ಇವಳಂತೂ ಹೇಳಿರಲೇ ಇಲ್ಲ. "ಯಾರೂ ಇಲ್ಲ," ಎಂದೆ.

"ಸೆಪ್ಟೆಂಬರಿಂದ ಈ ಕುರ್ಚಿ ಮೇಲೆ ಎಷ್ಟು ಸಲ ಕೂತಿದ್ದೀನಿ ಹೇಳಿ. ಬರೆಯೋಣವಾ, ಬೇಡವಾ. ಮನೇಲಿ ಅಪ್ಪಂದೂ ಅದೇ ರಾಗ. ಹೇಗಿದ್ದೀಯ ಅಂತ ಒಬ್ಬರೂ ಕೇಳ್ಲಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

"ಹೇಗಿದ್ದೀಯ ಮಾರೆನ್?"

"ಮತ್ತೆ ಶುರುವಾಗಿದೆ," ಎಂದಳು. "ಎರಡು ವಾರ ಆಯ್ತು. ನಿದ್ದೆ ಇಲ್ಲ. ಬೆಳಿಗ್ಗೆ ಎದ್ದು ಶೂ ಹಾಕ್ಕೊಳ್ಳೋಕೆ ಅರ್ಧ ಗಂಟೆ ಬೇಕು."

ಬಾಗಿಲು ತಟ್ಟಿದ ಇನ್ನೊಬ್ಬ ವಿದ್ಯಾರ್ಥಿಯನ್ನು ನಾಳೆ ಬಾ ಎಂದು ಕಳಿಸಿ, ನನ್ನ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡೆ. ಏನು ಮಾಡುವುದೆಂದು ತೋಚದೆ, "ಆ ಪತ್ರ ಬದಲಾಯಿಸಲಾ?" ಎಂದೆ.

"ಅದು ಆಮೇಲೆ. ಅಪ್ಪಂಗೆ ಫೋನ್ ಮಾಡಿ. ಅವರಿಗೆ ಹೇಳೋಕೆ ನನ್ನ ಕೈಲಿ ಆಗ್ತಿಲ್ಲ."

ಡಾರಿಲ್ ಎರಡನೇ ರಿಂಗಿಗೇ ಎತ್ತಿದ. ಹಿಂದೆ ಲಾರಿಯ ಸದ್ದು ಕೇಳುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ, "ಏನಂತೆ, ಕಾಲೇಜಿನವರು ಏನಂದ್ರು?" ಎಂದ.

"ಕಾಲೇಜಿನ ವಿಷಯ ಅಲ್ಲ ಡಾರಿಲ್," ಎಂದೆ. "ಲಾರಿ ನಿಲ್ಲಿಸಿ ಬಾ. ನಿನ್ನ ಮಗಳಿಗೆ ಹುಷಾರಿಲ್ಲ."