ಮಾವಿನ ಬುಡಕ್ಕೆ ಸುರಿದದ್ದು

ಮರಗೆಣಸಿನ ರಸ ಕುದಿಯತೊಡಗಿದಾಗ ಮೊದಲು ಏಳುವ ವಾಸನೆ ಮೂಗಿನ ಬುಡಕ್ಕೆ ಸೂಜಿಯ ಹಾಗೆ ಚುಚ್ಚುತ್ತದೆ. ಓಸ್ಮರೀನ ಐದು ವರ್ಷದವಳಿದ್ದಾಗ, ನದಿಯಾಚೆಯ ಮನೆಯ ಹಿತ್ತಲಲ್ಲಿ, ಅವಳ ಅಮ್ಮ ಒಲೆಯ ಸುತ್ತ ಕೋಲಿನಿಂದ ನೆಲದ ಮೇಲೆ ಗೆರೆ ಎಳೆಯುತ್ತಿದ್ದಳು. "ಈ ವಾಸನೆ ಇರೋ ತನಕ ಯಾರಾದ್ರೂ ಗೆರೆ ದಾಟಿದ್ರೆ ಕಾಲು ಮುರೀತೀನಿ." ಓಸ್ಮರೀನ ಮತ್ತು ಅವಳ ಅಕ್ಕ ಬೆನೆದಿತಾ ಗೆರೆಯ ಈಚೆ ಕುಕ್ಕರಗಾಲಲ್ಲಿ ಕೂತು ಮೂಗರಳಿಸಿ ಕಾಯುತ್ತಿದ್ದರು. ಒಮ್ಮೆ ಪಕ್ಕದ ಮನೆಯ ಕೋಳಿಯೊಂದು ಹಸಿ ರಸ ಕುಡಿದು, ಹತ್ತು ಹೆಜ್ಜೆ ನಡೆದು ಮಗುಚಿ ಬಿದ್ದದ್ದನ್ನು ಇಬ್ಬರೂ ನೋಡಿದ್ದರು. ಆಮೇಲೆ ಬೆದರಿಕೆಯ ಅಗತ್ಯ ಬೀಳಲಿಲ್ಲ. ಬಹಳ ಹೊತ್ತು ಕುದಿದ ಮೇಲೆ ಆ ಚುಚ್ಚುವ ವಾಸನೆ ಸೋಲುತ್ತಿತ್ತು. ಅದರಡಿಯಿಂದ ಬೆಳ್ಳುಳ್ಳಿಯ, ಸೊಪ್ಪಿನ, ಹುಳಿಹುಳಿಯಾದ ಘಮ ಮೆಲ್ಲಗೆ ಏಳುತ್ತಿತ್ತು. ಮೊದಲು ಹೇಳುವವಳು ಯಾವಾಗಲೂ ಬೆನೆದಿತಾಳೇ: "ಅಮ್ಮಾ, ವಿಷ ಹೋಯ್ತು."

ಆ ಮೂಗಿನ ಮೇಲೆಯೇ ಅಕ್ಕತಂಗಿಯರು ಬೆಲೆಂ ಪಟ್ಟಣದ ಒಂದು ಚೌಕದ ಮೂಲೆಯಲ್ಲಿ, ಮಾವಿನ ಮರದ ಕೆಳಗೆ, ಮೂವತ್ತೊಂದು ವರ್ಷ ಆ ರಸದ ಬಿಸಿ ಸಾರು, ತಕಾಕಾ, ಮಾರಿದರು. ಮಧ್ಯಾಹ್ನದ ಮಳೆ ಬಂದು ಹೋಗಬೇಕು, ಕಲ್ಲುಹಾಸಿನಿಂದ ಹಬೆ ಏಳಬೇಕು, ಗಂಟೆ ಐದಾಗಬೇಕು. ಆಗ ಜನ ಬರುತ್ತಿದ್ದರು. ಒಣಕಾಯಿಯ ಬುರುಡೆ ಬಟ್ಟಲಿಗೆ ಮೊದಲು ಒಂದು ಸೌಟು ಅಂಟುಗಂಜಿ, ಮೇಲೆ ಕುದಿಯುವ ಹಳದಿ ರಸ, ನಾಲಿಗೆ ಜುಮುಗುಟ್ಟಿಸುವ ಜಂಬೂ ಸೊಪ್ಪು, ನಾಲ್ಕು ಒಣಸೀಗಡಿ. ಕೈ ಸುಡದಿರಲೆಂದು ಬಟ್ಟಲನ್ನು ಪುಟ್ಟ ಬುಟ್ಟಿಯಲ್ಲಿಟ್ಟು ಕೊಡುವುದು. ಬಡಿಸುವುದು, ಗಿರಾಕಿಗಳ ಜೊತೆ ಹರಟುವುದು ಓಸ್ಮರೀನಳ ಕೆಲಸ. ರಸ ಕುದಿಸುವುದು ಬೆನೆದಿತಾಳದು. ಅವಳು ಗಡಿಯಾರ ನೋಡಿದವಳಲ್ಲ. ಪಾತ್ರೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಒಂದುಸಿರು ಎಳೆದುಕೊಂಡು, "ಆಯ್ತು, ಇಳಿಸು" ಎಂದರೆ ಆಯಿತು.

ಊರಿಗೆಲ್ಲ ಜ್ವರ ಹಬ್ಬಿದ ವರ್ಷ ಬೆನೆದಿತಾ ಆಸ್ಪತ್ರೆಗೆ ಹೋದವಳು ಹಿಂದಿರುಗಲಿಲ್ಲ. ಕೊನೆಯ ಸಲ ಮುಖ ನೋಡಲೂ ಬಿಡಲಿಲ್ಲ. ಅದೇ ಜ್ವರ ಓಸ್ಮರೀನಳನ್ನು ಬಿಟ್ಟು ಹೋಗುವಾಗ ಅವಳ ಮೂಗಿನಿಂದ ವಾಸನೆಗಳನ್ನೆಲ್ಲ ಒಯ್ದಿತ್ತು. ಸಾಬೂನಿಲ್ಲ, ಕಾಫಿಯಿಲ್ಲ, ಮಳೆ ಬಿದ್ದ ಮಣ್ಣಿಲ್ಲ. ಅಕ್ಕನ ದಿಂಬನ್ನು ಆರು ತಿಂಗಳು ಒಗೆಯದೆ ಇಟ್ಟುಕೊಂಡು ದಿನವೂ ಅದರಲ್ಲಿ ಮುಖ ಒತ್ತಿ ನೋಡಿದಳು. ಕೊನೆಗೊಂದು ದಿನ ಏನೂ ಸಿಗದೆ ಅದನ್ನು ಒಗೆದು ಒಣಹಾಕಿದಳು.

ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಮೂಗಿಲ್ಲದವಳ ಕೈಯಿಂದ ತಕಾಕಾ ಯಾರು ಕುಡಿಯುತ್ತಾರೆ? ಆ ಮೂಲೆ, ಆ ಐದು ಗಂಟೆ, "ಡೋನಾ ಓಸ್ಮಾ" ಎಂದು ಕರೆಯುವ ನಾಲ್ಕು ಬಾಯಿ, ಇಷ್ಟನ್ನು ಬಿಟ್ಟರೆ ಅವಳಿಗೆ ಉಳಿದದ್ದು ಒಂದು ಕೋಣೆ ಮತ್ತು ಖಾಲಿ ತೂಗುಮಂಚ. ಗಡಿಯಾರ ಕೊಂಡಳು. ಸಂತೆಯ ತೊಮಾಜಿಯಾ ರಸವನ್ನು ಮನೆಯಲ್ಲೇ ಚೆನ್ನಾಗಿ ಕುದಿಸಿ ಬಾಟಲಿಗೆ ತುಂಬಿ ತರುತ್ತಿದ್ದಳು. ಮುಚ್ಚಳ ತೆಗೆದು ತಾನೇ ಮೂಸಿ, "ಇದು ಬೇಡ, ಇದು ತಗೋ" ಎನ್ನುತ್ತಿದ್ದಳು. ಅವಳಿಗೆ ಗೊತ್ತಾಗಿತ್ತೋ ಏನೋ, ಒಮ್ಮೆಯೂ ಏನನ್ನೂ ಕೇಳಲಿಲ್ಲ. ಓಸ್ಮರೀನ ಆ ರಸವನ್ನು ಗಡಿಯಾರ ನೋಡಿಕೊಂಡು ಅರ್ಧ ಗಂಟೆ ಕುದಿಸಿ ಮಾರುತ್ತಿದ್ದಳು. ಹೀಗೆ ನಾಲ್ಕು ವರ್ಷ ನಡೆಯಿತು. ಆಮೇಲೆ ತೊಮಾಜಿಯಾ ಮಂಡಿ ನೋವೆಂದು ದ್ವೀಪದ ಮಗಳ ಮನೆಗೆ ಹೋದಳು. ಅವಳ ಜಾಗದಲ್ಲಿ ಹೊಸಬನೊಬ್ಬ ಅಂಥದೇ ಹಳದಿ ಬಾಟಲಿಗಳನ್ನಿಟ್ಟುಕೊಂಡು ಕೂತ. ಇದನ್ನು ಕುದಿಸಿದ್ದೀಯಾ ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಮೂಗಿದ್ದವರು ಯಾರೂ ಅದನ್ನು ಕೇಳಬೇಕಾಗಿರಲಿಲ್ಲ.

ಮೂರು ವಾರ ಕಳೆದ ಮೇಲೆ, ಒಂದು ಸಂಜೆ, ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗಿಯೊಬ್ಬಳು ಬಂದು ಬೆಂಚಿನ ಮೇಲೆ ಕೂತಳು. ದಕ್ಷಿಣದ ಚಳಿ ಊರಿನವಳೆಂದು ಮಾತಿನ ಧಾಟಿಯಲ್ಲೇ ಗೊತ್ತಾಗುತ್ತಿತ್ತು. ಹೆಸರು ಲೊರೇನಾ.

"ಎರಡು ದಿನದಿಂದ ಊರೆಲ್ಲ ತಿಂತಾ ಇದೀನಿ ಡೋನಾ. ಬಾತುಕೋಳಿ ಆಯ್ತು, ಅಸಾಯಿ ಹಣ್ಣು ಆಯ್ತು, ಕುಪುವಾಸು ಹಣ್ಣಿನ ಮಿಠಾಯಿ ಆಯ್ತು. ಇದೊಂದು ಬಾಕಿ."

"ಅಸಾಯಿಗೆ ಸಕ್ಕರೆ ಹಾಕ್ಕೊಂಡು ತಿಂದೆಯಾ, ಹೇಳು" ಎಂದ ಪಕ್ಕದಲ್ಲಿದ್ದ ಅನ್ಸೆಲ್ಮೊ. ದೋಣಿ ಟಿಕೇಟಿನ ಕಿಟಕಿಯಲ್ಲಿ ಕೂತು ನಿವೃತ್ತನಾದ, ಹೆಂಡತಿ ತೀರಿಕೊಂಡ ಮುದುಕ. ಮೂವತ್ತು ವರ್ಷದಿಂದ ಆ ಬೆಂಚಿನ ತುದಿ ಅವನದೇ.

"ಹಾಕ್ಕೊಂಡೆ. ಬಾಳೆಹಣ್ಣೂ ಹಾಕ್ಕೊಂಡೆ."

"ಅಯ್ಯೋ ದೇವರೇ! ಓಸ್ಮಾ, ಪೊಲೀಸರನ್ನ ಕರಿ. ನಮ್ಮಲ್ಲಿ ಅದಕ್ಕೆ ಕರಿದ ಮೀನು ಜೊತೆ ಮಗಳೇ, ಬಾಳೆಹಣ್ಣಲ್ಲ."

ಓಸ್ಮರೀನ ನಗುತ್ತಾ ಬಟ್ಟಲು ತುಂಬಿ ಕೊಟ್ಟಳು. ಅನ್ಸೆಲ್ಮೊನ ನಗು ಮಾತ್ರ ಅಷ್ಟಕ್ಕೇ ನಿಂತಿತು. ಅವನು ಚೌಕದ ಆಚೆ ನೋಡಿದ. ದಿನವೂ ಬರುವ ದರ್ಜಿ ಕೆಲಸದ ನಜೀಲ್ದಾ ಇನ್ನೂ ಬಂದಿರಲಿಲ್ಲ. "ತುಂಬಾ ಸುಡುತ್ತೆ, ಕುಡೀಬೇಡ, ಆರಲಿ" ಎಂದ. "ಅಥವಾ ನಾಳೆ ಬಾ." ಹುಡುಗಿ ಆಗಲೇ ನಾಲ್ಕು ಗುಟುಕು ಕುಡಿದಿದ್ದಳು. ಮುಖ ಕಿವುಚಿದಳು.

"ಇದು ಹೀಗೇ ಇರುತ್ತಾ? ನಿನ್ನೆ ಬಾತುಕೋಳಿ ಜೊತೆ ಇದೇ ರಸ ಕೊಟ್ಟಿದ್ರು. ಅದರ ವಾಸನೆ ಬೇರೆ ಇತ್ತು."

"ಮೊದಲ ಸಲ ಎಲ್ಲರಿಗೂ ಹಂಗೇ ಅನ್ಸುತ್ತೆ" ಎಂದ ಅನ್ಸೆಲ್ಮೊ, ಬೇಗ ಬೇಗ. "ದಕ್ಷಿಣದವರ ಮೂಗು ಅದು. ನಮ್ಮ ಓಸ್ಮಾನ ತಕಾಕಾಗೆ ಈ ಊರಲ್ಲಿ ಸಾಟಿ ಇಲ್ಲ."

ಹುಡುಗಿ ಬಟ್ಟಲು ಕೆಳಗಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದು, ಮಾವಿನ ಮರದ ಹಿಂದಕ್ಕೆ ಓಡಿದಳು. ಓಸ್ಮರೀನ ನೀರಿನ ಲೋಟ ಹಿಡಿದು ಹಿಂದೆಯೇ ಹೋದಳು.

"ನೀ ಕೂತ್ಕೋ, ನಾ ಹೋಗ್ತೀನಿ" ಎಂದು ಅನ್ಸೆಲ್ಮೊ ಏಳುವಷ್ಟರಲ್ಲಿ ಅವಳು ಮರ ದಾಟಿದ್ದಳು.

ಕಾಲುನೋವಿನ ಓಸ್ಮರೀನ ಆ ಹಿಂಬದಿಗೆ ಹೋಗಿ ತಿಂಗಳುಗಳೇ ಆಗಿದ್ದವು. ಹುಡುಗಿಯ ಬೆನ್ನು ಸವರಿ, ನೀರು ಕುಡಿಸಿ, ಹಣೆಯ ಕೂದಲು ಹಿಂದಕ್ಕೆ ಸರಿಸಿದಳು. ಆಮೇಲೆ ನೆಲ ನೋಡಿದಳು. ಮರದ ಬೇರುಗಳ ನಡುವಿನ ಮಣ್ಣು ಹಳದಿಯಾಗಿತ್ತು. ಅದರ ಮೇಲೆ ಜಂಬೂ ಎಲೆಗಳು ಅಂಟಿದ್ದವು. ಕೆಲವು ಒಣಗಿ ಕಪ್ಪಾದವು, ಕೆಲವು ನಿನ್ನೆಯವು, ಕೆಲವು ಇನ್ನೂ ಹಬೆಯಾಡುತ್ತಿದ್ದವು. ಗಂಜಿ ಹೆಪ್ಪುಗಟ್ಟಿ ಬಿದ್ದಿತ್ತು. ಇರುವೆಗಳು ಸೀಗಡಿಗಳನ್ನು ಮುತ್ತಿರಲಿಲ್ಲ. ಸುತ್ತು ಹಾಕಿಕೊಂಡು ಹೋಗುತ್ತಿದ್ದವು.

ಅವಳು ಬೆಂಚಿನ ಹತ್ತಿರ ಬಂದಾಗ ನಜೀಲ್ದಾಳೂ ಬಂದಿದ್ದಳು. ಇಬ್ಬರೂ ತಲೆ ತಗ್ಗಿಸಿದ್ದರು. ಅನ್ಸೆಲ್ಮೊನ ಬಟ್ಟಲು, ಎಂದಿನ ಹಾಗೆ, ಒರೆಸಿಟ್ಟಷ್ಟು ಖಾಲಿ.

"ಎಷ್ಟು ದಿನದಿಂದ?" ಎಂದಳು ಓಸ್ಮರೀನ.

"ಹೊಸ ರಸದ್ದು ಏನೋ..." ಅನ್ಸೆಲ್ಮೊ ತಡವರಿಸಿದ. "ಮೂರು ವಾರ ಆಗಿರಬಹುದು."

"ಮೂರು ವಾರ ದಿನಾ ಬಂದು, ದುಡ್ಡು ಕೊಟ್ಟು, ಮರಕ್ಕೆ ಸುರಿದು, 'ಚೆನ್ನಾಗಿದೆ ಓಸ್ಮಾ' ಅಂದ್ರಾ?"

"ಹೇಳೋಣ ಅಂತ್ಲೇ ಬರ್ತಿದ್ವಿ ಕಣೆ" ಎಂದಳು ನಜೀಲ್ದಾ. "ನಿನ್ನ ಮುಖ ನೋಡಿದ್ರೆ ಬಾಯಿ ಬರ್ತಿರಲಿಲ್ಲ. ಬೆನೆ ಹೋದ್ಮೇಲೆ ನಿಂಗೆ ಇದೊಂದೇ ಅಲ್ವಾ. ಗುರುತಿಲ್ಲದವರು ಬಂದ್ರೆ ನಾನೇ ಆ ಕಡೆ ನಿಂತು 'ಮುಗಿದೋಯ್ತು' ಅಂತ ಕಳಿಸ್ತಿದ್ದೆ. ಇವತ್ತು ಒಬ್ಬಳ ಮದುವೆ ಬಟ್ಟೆ, ತಡ ಆಗೋಯ್ತು."

ಓಸ್ಮರೀನ ಎಂದೂ ದನಿ ಎತ್ತಿದವಳಲ್ಲ. ಈಗಲೂ ಎತ್ತಲಿಲ್ಲ. "ನನ್ನ ಕೈಯಲ್ಲಿ ವಿಷ ಬಿಟ್ಟು ಕಾವಲು ನಿಂತಿದ್ರಿ ನೀವು. ಬಸುರಿ ಕುಡಿದಿದ್ರೆ? ಒಂದು ಮಗು ಕುಡಿದಿದ್ರೆ? ನಜೀಲ್ದಾ ದಿನಾ ಬರ್ತಾಳೆ ಅಂತ ಏನು ನಂಬಿಕೆ? ಅನ್ಸೆಲ್ಮೊ, ನೀವು ಓದಿದವರು. ನನ್ನನ್ನ ಇಷ್ಟು ಕಮ್ಮಿಯಾಗಿ ನೋಡಬಾರದಿತ್ತು."

ಅನ್ಸೆಲ್ಮೊ ಟೋಪಿಯನ್ನು ಮಂಡಿಯ ಮೇಲೆ ತಿರುಗಿಸುತ್ತಾ ಕೂತ.

ಅವಳು ಒಲೆ ಆರಿಸಿದಳು. ಹುಡುಗಿಯ ತೋಳು ಹಿಡಿದು, ಎರಡು ಬೀದಿ ದಾಟಿ, ಅವಳು ಇಳಿದುಕೊಂಡಿದ್ದ ಲಾಡ್ಜಿನವರೆಗೂ ನಡೆದಳು. ದಾರಿಯಲ್ಲಿ ತಡವಾಗಿ ಬಂದ ಮಳೆ ಇಬ್ಬರನ್ನೂ ನೆನೆಸಿತು. ಲಾಡ್ಜಿನವನು ವೈದ್ಯರಿಗೆ ಫೋನು ಮಾಡಿದ. ನಾಲ್ಕು ಗುಟುಕು, ಅದೂ ಹೊರಗೆ ಬಂದಿದೆ, ಒಂದು ಗಂಟೆ ಕಣ್ಣಿಟ್ಟಿರಿ, ತಲೆ ಸುತ್ತಿದರೆ ಕೂಡಲೇ ಕರೆತನ್ನಿ ಎಂದರಂತೆ. ಓಸ್ಮರೀನ ಆ ಒಂದು ಗಂಟೆಯೂ ಮಂಚದ ಪಕ್ಕದ ಕುರ್ಚಿಯಿಂದ ಏಳಲಿಲ್ಲ. ಹುಡುಗಿ ಮಲಗಿದ್ದಲ್ಲಿಂದಲೇ ತನ್ನ ಒಣ ಟವೆಲನ್ನು ತೆಗೆದು ಅವಳ ಹೆಗಲಿಗೆ ಹೊದಿಸಿದಳು.

"ಬೇಜಾರು ಮಾಡ್ಕೋಬೇಡಿ ಡೋನಾ. ನಂಗೆ ಈಗ ಏನೂ ಇಲ್ಲ, ನೋಡಿ, ಹಸಿವು ಬೇರೆ ಆಗ್ತಿದೆ. ಅಲ್ಲಿ ಎಲ್ಲರ ಎದುರಿಗೆ ಹಂಗನ್ನಬಾರದಿತ್ತು ನಾನು."

"ನೀನೊಬ್ಬಳಾದ್ರೂ ಅಂದೆಯಲ್ಲ." ಓಸ್ಮರೀನ ಟವೆಲನ್ನು ಹೆಗಲ ಸುತ್ತ ಎಳೆದುಕೊಂಡಳು. "ವಾಸನೆ ಹೆಂಗಿತ್ತು? ಸರಿಯಾಗಿ ಹೇಳು."

"ಕಹಿ ಬಾದಾಮಿ ಥರ. ಅದಲ್ಲ... ಮೂಗಿನ ಒಳಗೆ ಏನೋ ಚುಚ್ಚಿದ ಹಂಗೆ."

ಓಸ್ಮರೀನ ಕಣ್ಣು ಮುಚ್ಚಿದಳು. ಆ ಹೊಸಬನ ಬಾಟಲಿಯಲ್ಲಿದ್ದದ್ದು ಬೆಂಕಿ ಕಾಣದ ರಸ. ಅದಕ್ಕೆ ಅರ್ಧ ಗಂಟೆ ಎಲ್ಲಿ ಸಾಕು? ಮೂರು ವಾರ ತಾನು ಗೆರೆಯೊಳಗೇ ನಿಂತು ಊರಿಗೆಲ್ಲ ಬಡಿಸಿದ್ದಳು.

"ನಂಗೆ ವಾಸನೆ ಬರಲ್ಲ ಮಗಳೇ" ಎಂದಳು. "ನಾಲ್ಕು ವರ್ಷ ಆಯ್ತು. ಯಾರಿಗೂ ಹೇಳಿಲ್ಲ."

ಯಾರಿಗೂ ಹೇಳದ್ದನ್ನು ಹೆಸರಷ್ಟೇ ಗೊತ್ತಿದ್ದ ಹುಡುಗಿಗೆ ಹೇಳಿದ್ದಳು. ಲೊರೇನಾ ಟವೆಲಿನ ಒಂದು ಮೂಲೆ ಹಿಡಿದು ಆ ನರೆಗೂದಲನ್ನು ಮೆಲ್ಲಗೆ ಒರೆಸತೊಡಗಿದಳು, ಒದ್ದೆಯೆಲ್ಲ ಹೋದ ಮೇಲೂ ಒರೆಸುತ್ತಲೇ ಇದ್ದಳು.

ಮರುದಿನ ಮಳೆ ನಿಂತ ಮೇಲೆ ಓಸ್ಮರೀನ ಎಂದಿನ ಹೊತ್ತಿಗೇ ಚೌಕಕ್ಕೆ ಬಂದಳು. ಅದಕ್ಕೂ ಮೊದಲು ಸಂತೆಗೆ ಹೋಗಿ ಹೊಸಬನ ಎದುರು ನಿಂತು, ಕುದಿಸದ ಬಾಟಲಿಗಳ ಮೇಲೆ ಹಾಗೆಂದು ಬರೆದಿಡುವ ತನಕ ಕದಲಿರಲಿಲ್ಲ. ಈಗ ಒಲೆ ಹಚ್ಚಲಿಲ್ಲ. ಉಜ್ಜಿದ ಖಾಲಿ ಪಾತ್ರೆಯನ್ನು ಮೇಜಿನ ಮೇಲಿಟ್ಟು, ಬಿಳಿ ನಿಲುವಂಗಿ ತೊಟ್ಟು ನಿಂತಳು. ಬಂದ ಒಬ್ಬೊಬ್ಬರಿಗೂ ಒಂದೇ ಮಾತು.

"ಇನ್ನು ತಕಾಕಾ ಇಲ್ಲಪ್ಪ. ನನ್ನ ಮೂಗು ಹೋಗಿದೆ. ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪಾಯ್ತು."

ಕೆಲವರು ಅವಳ ಕೈ ಹಿಡಿದುಕೊಂಡರು. ಔಷಧಿ ಅಂಗಡಿಯವನು, "ಹಂಗಾದ್ರೆ ಕಾಫಿ ಮಾರಿ ಡೋನಾ, ಕಾಫೀಲಿ ಯಾರೂ ಸಾಯಲ್ಲ" ಎಂದು ನಗಿಸಲು ನೋಡಿ ತಾನೇ ನಗದೆ ಹೋದ. ನಜೀಲ್ದಾ ಬಂದವಳು ಬೈಯಲು ಶುರುಮಾಡಿದಳು: "ನಾಲ್ಕು ವರ್ಷ! ನನ್ನ ಸೆಂಟು ಘಮ್ ಅಂತಿದೆ ಅಂತ ಹಬ್ಬದ ದಿನ ಹೊಗಳಿದ್ದೆಯಲ್ಲೇ ಸುಳ್ಳಿ!" ಮಾತು ಅರ್ಧಕ್ಕೇ ಮುರಿದು, ಓಸ್ಮರೀನಳ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಆಮೇಲೆ ಬುರುಡೆ ಬಟ್ಟಲುಗಳನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತಿ ಪೆಟ್ಟಿಗೆಗಿಟ್ಟಳು. ಇಪ್ಪತ್ತಾರು ಬಟ್ಟಲು. ಬೇಗ ಮುಗಿಯಬಾರದೆಂಬಂತೆ ನಿಧಾನವಾಗಿ ಸುತ್ತಿದಳು.

ಅನ್ಸೆಲ್ಮೊ ಬರಲಿಲ್ಲ. ಐದಾಯಿತು, ಐದೂವರೆಯಾಯಿತು. ಬೆಂಚಿನ ಆ ತುದಿಯಲ್ಲಿ ಯಾರೂ ಕೂರಲಿಲ್ಲ. ತಾನು ಆಡಿದ ಮಾತು ಹೆಚ್ಚಾಯಿತೇನೋ ಎಂದು ಓಸ್ಮರೀನಳಿಗೆ ಅನಿಸಿತು; ಮತ್ತೆ ಯೋಚಿಸಿದರೆ ಹೆಚ್ಚೇನೂ ಆಗಿರಲಿಲ್ಲ. ಅವನ ಸುಳ್ಳಿನಲ್ಲಿ ಪ್ರೀತಿಯಿತ್ತು, ತನ್ನ ಸುಳ್ಳಿನಲ್ಲಿ ಭಯವಿತ್ತು. ಎರಡೂ ಸೇರಿ ಆ ಹುಡುಗಿಯ ಬಟ್ಟಲಿಗೆ ಬಿದ್ದಿದ್ದವು.

ನಜೀಲ್ದಾ ಹೋದ ಮೇಲೆ ಗಿಳಿಗಳು ಮರಕ್ಕೆ ಹಿಂದಿರುಗಿ ಗಲಾಟೆ ಎಬ್ಬಿಸಿದವು. ಓಸ್ಮರೀನ ಮೊದಲ ಸಲ ಗಿರಾಕಿಗಳ ಬೆಂಚಿನ ಮೇಲೆ ಕೂತಳು. ಅಲ್ಲಿಂದ ನೋಡಿದರೆ ಮೇಜು ಎಷ್ಟು ಚಿಕ್ಕದು! ಅದರ ಹಿಂದೆ ನಾವಿಬ್ಬರು ಒಬ್ಬರಿಗೊಬ್ಬರು ತಾಗದೆ ಅಷ್ಟು ವರ್ಷ ಹೇಗೆ ನಿಂತಿದ್ದೆವು ಎಂದುಕೊಂಡಳು. ತಾಗಿಕೊಂಡೇ ನಿಂತಿದ್ದೆವು ಎಂದು ಆಮೇಲೆ ನೆನಪಾಯಿತು. ಆಗ ಅಳು ಬಂತು. ನಾಲ್ಕು ವರ್ಷದಲ್ಲಿ ಅಷ್ಟು ಜೋರಾಗಿ ಅವಳು ಅತ್ತಿರಲಿಲ್ಲ. ಗಿಳಿಗಳ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಮುಖ ಒರೆಸಿಕೊಳ್ಳುವಾಗ ಅನ್ಸೆಲ್ಮೊ ಚೌಕ ದಾಟಿ ಬರುವುದು ಕಂಡಿತು. ಎರಡೂ ಕೈಯಲ್ಲಿ ಏನನ್ನೋ ಹಿಡಿದು, ತುಳುಕೀತೆಂಬಂತೆ ಹೆಜ್ಜೆಯಿಡುತ್ತಿದ್ದ. ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು, ಎಣ್ಣೆ ಹಾರಿರಬೇಕು. ಅಂಗಿಯ ಮೇಲೆ ಹಿಟ್ಟು ಚೆಲ್ಲಿತ್ತು. ಹೆಂಡತಿ ಇದ್ದಾಗ ಅವಳ ಕೈಯಡಿಗೆ, ಆಮೇಲೆ ಹೋಟೆಲು. ಆ ಮನುಷ್ಯ ಒಲೆಯ ಹತ್ತಿರ ಹೋದವನಲ್ಲ.

ಅವಳ ಪಕ್ಕದಲ್ಲಿ ಕೂತು ಮುಚ್ಚಿದ ಬಟ್ಟೆ ತೆಗೆದ. ತಟ್ಟೆಯಲ್ಲಿ ಅನ್ನ, ಒಂದು ಕಡೆ ಕರಕಲಾದ ಮೀನು, ಮರಗೆಣಸಿನ ಹುರಿದ ಹಿಟ್ಟು.

"ಮೀನು ಸೀದಿದೆ" ಎಂದ. "ಉಪ್ಪೂ ಜಾಸ್ತಿ ಆಗಿದೆ. ತಿಂದು ನೋಡಿದೀನಿ, ಚೆನ್ನಾಗಿಲ್ಲ."

ಓಸ್ಮರೀನ ಅವನ ಮುಖ ನೋಡಿದಳು. ಅವನು ಕಣ್ಣು ತಪ್ಪಿಸಲಿಲ್ಲ. ಮೀನಿನ ಮುಳ್ಳುಗಳನ್ನು ಬೆರಳಿನಿಂದ ಬಿಡಿಸಿ ಬದಿಗಿಟ್ಟ, ಚಮಚವನ್ನು ಅಂಗಿಯ ತುದಿಯಿಂದ ಒರೆಸಿದ, ತಟ್ಟೆಯನ್ನು ಅವಳ ಕೈಗಿತ್ತ.