ಒಂಬತ್ತನೆಯ ಪ್ರಶ್ನೆ

ಮಗಳ ಶಾಲೆಯಿಂದ ಒಂದು ಚೀಟಿ ಬಂದಿದೆ. ‘ನಿಮ್ಮ ಕುಟುಂಬ ಈ ದೇಶಕ್ಕೆ ಹೇಗೆ ಬಂತೆಂದು ಮಕ್ಕಳೊಂದಿಗೆ ಮಾತನಾಡಿ. ಅವರ ವಯಸ್ಸಿಗೆ ತಕ್ಕಷ್ಟೇ ಹೇಳಿ.’ ವಯಸ್ಸಿಗೆ ತಕ್ಕಷ್ಟಂತೆ! ಓದಿದ ಕೂಡಲೇ ಮೈ ಉರಿದುಹೋಯಿತು. “ಒಂದು ಚೀಟಿಗೆ ಇಷ್ಟು ಕೋಪಾನಾ?” ಎಂದು ಗಂಡ ನಕ್ಕ. ಅವನಿಗೇನು ಗೊತ್ತು, ಅವನು ಹುಟ್ಟಿದ್ದೇ ಇಲ್ಲಿ. ನನಗೂ ಒಂದು ಕಾಲದಲ್ಲಿ ವಯಸ್ಸಿಗೆ ತಕ್ಕಷ್ಟೇ ಹೇಳಿದ್ದರು. ಅದರಿಂದ ಏನಾಯಿತು ಎನ್ನುವುದನ್ನು ಹೇಳುತ್ತೇನೆ, ಕೇಳಿ.

ಆಗ ನನಗೆ ಹತ್ತು ವರ್ಷ. ಅಪ್ಪ, ಅಮ್ಮ, ನಾನು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದೇ ಒಂದು ಕೋಣೆಯಲ್ಲಿದ್ದೆವು. ಅಪ್ಪ ಕಟ್ಟಡಗಳಲ್ಲಿ ಟೈಲ್ಸ್ ಕೂರಿಸುತ್ತಿದ್ದರು. ಸಂದಿಗೆ ತುಂಬುವ ಬಿಳಿ ಸಿಮೆಂಟು ಅವರ ಉಗುರಿನೊಳಗೆ ಸೇರಿಕೊಂಡು ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಅಮ್ಮ ಒಂದು ಲಾಂಡ್ರಿಯಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಈ ದೇಶದ ಭಾಷೆ ಇಬ್ಬರಿಗೂ ಬರುತ್ತಿರಲಿಲ್ಲ. ಬರುತ್ತಿದ್ದುದು ನನಗೊಬ್ಬಳಿಗೇ.

ಹಾಗಾಗಿ ಮನೆಯ ಬಾಯಿಯೂ ನಾನೇ, ಕಿವಿಯೂ ನಾನೇ. ಬಂದ ಕಾಗದಗಳನ್ನೆಲ್ಲ ಓದಿ ಕನ್ನಡದಲ್ಲಿ ಹೇಳುವುದು, ಕರೆಂಟ್ ಆಫೀಸಿಗೆ ಫೋನ್ ಮಾಡುವುದು, ಡಾಕ್ಟರ ಮುಂದೆ ಅಮ್ಮನ ಸೊಂಟನೋವು ವಿವರಿಸುವುದು, ಎಲ್ಲ ನನ್ನ ಕೆಲಸ. ಅಪ್ಪ ಒಂದೇ ನಿಯಮ ಮಾಡಿದ್ದರು. “ನೋಡು ಮಗಳೇ, ಉಪ್ಪು ಖಾರ ಹಚ್ಬಾರ್ದು. ಅವರು ಕತ್ತೆ ಅಂದ್ರೆ ಕತ್ತೆ ಅಂತಾನೇ ಹೇಳು, ಕುದುರೆ ಮಾಡ್ಬೇಡ.” ಒಮ್ಮೆ ಮನೆ ಮಾಲೀಕ ನಿಜವಾಗಿಯೂ ಅಪ್ಪನನ್ನು ಕತ್ತೆ ಎಂದ. ನಾನು ಹಾಗೆಯೇ ಹೇಳಿದೆ. ಅಪ್ಪ ಬಿದ್ದು ಬಿದ್ದು ನಕ್ಕು, “ಭೇಷ್! ನನ್ನ ಮಗಳ ಬಾಯಲ್ಲಿ ಒಂದಕ್ಷರ ಆಚೀಚೆ ಆಗಲ್ಲ” ಎಂದು ಊರಿನವರಿಗೆಲ್ಲ ಫೋನಿನಲ್ಲಿ ಹೇಳಿಕೊಂಡರು. ನಾನು ಹತ್ತು ವರ್ಷದ ಹುಡುಗಿ, ಉಬ್ಬಿಹೋಗಿದ್ದೆ.

ನಮ್ಮ ಮನೆಯಲ್ಲಿ ಇನ್ನೊಬ್ಬನಿದ್ದ. ಇದ್ದ ಎಂದರೆ, ಇಲ್ಲಿರಲಿಲ್ಲ. ನನ್ನ ಅಣ್ಣ. ನನಗಿಂತ ಐದು ವರ್ಷ ದೊಡ್ಡವನು. ನಾವು ವಿಮಾನ ಹತ್ತಿದಾಗ ಅವನಿಗೆ ಹನ್ನೊಂದು, ನನಗೆ ಆರು. ಅವನನ್ನು ದೊಡ್ಡಮ್ಮನ ಮನೆಯಲ್ಲಿ ಬಿಟ್ಟು ಬಂದಿದ್ದೆವು. “ಇವನ ಕಾಗದ ಸ್ವಲ್ಪ ತಡ ಆಗುತ್ತೆ, ಹಿಂದೇನೇ ಬರ್ತಾನೆ” ಎಂದಿದ್ದರು ಅಪ್ಪ. ಹಿಂದೆಯೇ ಎನ್ನುವುದು ನಾಲ್ಕು ವರ್ಷವಾಗಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಮಾತನಾಡುತ್ತಿದ್ದೆವು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅವನು ನನ್ನನ್ನು ಮೆಣಸಿನಕಾಯಿ ಎನ್ನುತ್ತಿದ್ದ. ನಾನು ಅವನಿಗಾಗಿ ಕಿಟಕಿಯ ಪಕ್ಕದ ಗೋಡೆ ಕಾದಿರಿಸಿ, ಹಾಸಿಗೆ ಎಷ್ಟುದ್ದ ಬೇಕೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೆ. ಫೋನಿನಲ್ಲಿ ಅವನ ಎತ್ತರ ಕೇಳಿಕೊಂಡು ಎರಡು ಸಲ ಗೆರೆ ಮುಂದೆ ಸರಿಸಿದ್ದೂ ಆಯಿತು. ಅಮ್ಮ ಗೆರೆ ನೋಡಿ ಮುಖ ತಿರುಗಿಸುತ್ತಿದ್ದಳು. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದರು ಎನ್ನುತ್ತಾರಲ್ಲ, ನನ್ನದು ಅದೇ ಕಥೆ.

ಆ ವರ್ಷ ನಮ್ಮನ್ನು ಕಾಯಂ ಆಗಿ ಇಲ್ಲಿರಲು ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವ ಸಂದರ್ಶನಕ್ಕೆ ಕಾಗದ ಬಂತು. ಕನ್ನಡಕ್ಕೆ ದುಭಾಷಿ ಸಿಗುತ್ತಿಲ್ಲ, ಮನೆಯವರೇ ಯಾರನ್ನಾದರೂ ಕರೆತರಬಹುದು ಎಂದು ಅದರಲ್ಲಿತ್ತು. ನಾನೇ ಓದಿ ಹೇಳಿದ್ದು. “ಯಾರನ್ನಾದ್ರೂ ಯಾಕೆ, ನಮ್ಮನೇಲೇ ಇದೆಯಲ್ಲ ತುತ್ತೂರಿ!” ಎಂದರು ಅಪ್ಪ.

“ಇದಾದ್ರೆ ಅಣ್ಣ ಬರ್ತಾನಾ?” ಎಂದು ಕೇಳಿದೆ.

“ಇದೊಂದು ಆಗ್ಲಿ. ಇದಾದ್ರೆ ಅವನದೂ ಆದ ಹಾಗೇ.”

ಆ ಭಾನುವಾರವೇ ಅಣ್ಣನಿಗೆ ಹೇಳಿದೆ. ಅವನು ಖುಷಿಪಟ್ಟ, ಆದರೆ ಅವನ ತಲೆಯಲ್ಲಿ ಬೇರೆಯದೇ ಲೆಕ್ಕ ಓಡುತ್ತಿತ್ತು. ಮೋಟಾರು ಮೆಕ್ಯಾನಿಕ್ ತರಬೇತಿಗೆ ಅವನಿಗೆ ಸೀಟು ಸಿಕ್ಕಿತ್ತು. ನೂರಾರು ಹುಡುಗರು ಬರೆದಿದ್ದರು, ಆರಿಸಿದ್ದು ಇಪ್ಪತ್ತೇ ಜನರನ್ನು. ಸೇರಿದರೆ ಎರಡು ವರ್ಷ ಬಿಡುವಂತಿಲ್ಲ, ಹಾಗೆಂದು ಬರೆದುಕೊಡಬೇಕು. “ನಿಮ್ಮ ಸಂದರ್ಶನ ಮುಗಿದ ಮರುವಾರಾನೇ ಇಲ್ಲಿ ಕೊನೇ ದಿನ. ಅಲ್ಲಿ ನನ್ನ ಬಗ್ಗೆ ಏನಂದ್ರು ಅಂತ ಸರಿಯಾಗಿ ಕೇಳ್ಕೊಂಡು ಬಾ. ಬರೋ ಹಾಗಿದ್ರೆ ಸೀಟು ಬಿಡ್ತೀನಿ, ಇಲ್ಲಾಂದ್ರೆ ಸೇರ್ಕೊಳ್ತೀನಿ. ನಿನ್ನ ಮಾತು ನಂಬಿದ್ದೀನಿ ಕಣೇ.”

ನಂಬಿದ್ದೀನಿ ಎಂದ.

ನಮ್ಮ ಅರ್ಜಿಗಳನ್ನು ತುಂಬಿಕೊಡುತ್ತಿದ್ದ ಒಬ್ಬ ಮನುಷ್ಯನಿದ್ದ. ನಾವು ಅವನನ್ನು ಫಾರಂ ಮಾಮ ಎನ್ನುತ್ತಿದ್ದೆವು. ಅವನು ಆಫೀಸಿನಲ್ಲಿ ಕೇಳುವ ಮೂವತ್ತು ಪ್ರಶ್ನೆಗಳ ಪಟ್ಟಿ ಕೊಟ್ಟಿದ್ದ. ದಿನಾ ಸಂಜೆ ನಾನು ಅಧಿಕಾರಿಯ ಹಾಗೆ ಮೇಜಿನ ಆಚೆ ಕೂರುತ್ತಿದ್ದೆ. ಪ್ರಶ್ನೆಯನ್ನು ಇಲ್ಲಿಯ ಭಾಷೆಯಲ್ಲಿ ಓದಿ, ಕನ್ನಡದಲ್ಲಿ ಹೇಳಿ, ಅಪ್ಪನ ಉತ್ತರವನ್ನು ತಿರುಗಿಸಿ ಹೇಳುತ್ತಿದ್ದೆ. ಪಟ್ಟಿಯಲ್ಲಿ ಎಂಟಾದ ಮೇಲೆ ಹತ್ತು ಬರುತ್ತಿತ್ತು. ನಡುವಿನ ಸಾಲಿನ ಮೇಲೆ ಯಾರೋ ಬಿಳಿ ಬಣ್ಣ ಬಳಿದಿದ್ದರು.

“ಅಪ್ಪ, ಒಂಬತ್ತೆಲ್ಲಿ?”

“ಅದು ಸೈನ್ಯದಲ್ಲಿದ್ದವರಿಗೆ ಕೇಳೋದು. ನಮಗಲ್ಲ. ಮುಂದೆ ಓದು.”

ನಾನು ಮುಂದೆ ಓದಿದೆ. ಪೆದ್ದಿ! ಕಿವಿಗೆ ಹೂವಿಟ್ಟಿದ್ದರು, ನಾನು ಅದನ್ನು ಮುಡಿದುಕೊಂಡು ಕುಣಿಯುತ್ತಿದ್ದೆ.

ಸಂದರ್ಶನದ ದಿನ ಅಮ್ಮ ನನ್ನ ಅಂಗಿಗೆ ಎರಡು ಸಲ ಇಸ್ತ್ರಿ ಹಾಕಿದಳು. ಆಫೀಸಿನ ಕೋಣೆ ಚಿಕ್ಕದು. ಬೂದು ಬಣ್ಣದ ಮೇಜು, ನಾಲ್ಕು ಕುರ್ಚಿ, ಮಾತುಗಳನ್ನು ಮುದ್ರಿಸಿಕೊಳ್ಳುವ ಒಂದು ಪುಟ್ಟ ಯಂತ್ರ. ಅಧಿಕಾರಿ ಕನ್ನಡಕ ಹಾಕಿದ, ಮೃದುವಾಗಿ ಮಾತನಾಡುವ ಹೆಂಗಸು. ನಾನೇ ದುಭಾಷಿ ಎಂದಾಗ ಹುಬ್ಬೇರಿಸಿದಳು. ‘ಅವರು ಹೇಳಿದ್ದನ್ನು ಹೇಳಿದ ಹಾಗೇ ಹೇಳುತ್ತೀಯಾ?’ ಎಂದು ಕೇಳಿದಳು. ‘ಒಂದಕ್ಷರವೂ ಬದಲಿಸುವುದಿಲ್ಲ’ ಎಂದೆ, ಎದೆಯುಬ್ಬಿಸಿಕೊಂಡು.

ಎಂಟು ಪ್ರಶ್ನೆಗಳು ನೀರು ಕುಡಿದಷ್ಟು ಸಲೀಸಾಗಿ ಹೋದವು. ಅಮ್ಮನ ಮುಖದ ಬಿಗಿಯೂ ಸಡಿಲವಾಯಿತು. ಆಮೇಲೆ ಅಧಿಕಾರಿ ಕೇಳಿದಳು, ‘ನಿಮಗೆ ಎಷ್ಟು ಜನ ಮಕ್ಕಳು? ಇಲ್ಲಿರುವವರು, ಬೇರೆ ದೇಶದಲ್ಲಿರುವವರು, ಎಲ್ಲರನ್ನೂ ಸೇರಿಸಿ ಹೇಳಿ.’

ಅಬ್ಬಾ, ಬಂತು, ಅಣ್ಣನ ಮಾತು ಬಂತು! ಅಪ್ಪನ ಕಡೆ ತಿರುಗಿದೆ. “ನಿಮಗೆ ಎಷ್ಟು ಮಕ್ಕಳು ಅಂತ ಕೇಳ್ತಿದ್ದಾರೆ ಅಪ್ಪ. ಬೇರೆ ದೇಶದಲ್ಲಿರೋರನ್ನೂ ಸೇರಿಸಿ!”

ಅಪ್ಪ ಒಂದು ಬೆರಳು ಎತ್ತಿದರು.

ಅಧಿಕಾರಿ ಕಂಪ್ಯೂಟರಿನಿಂದ ತಲೆ ಎತ್ತದೆ, ‘ಬಾಯಿಬಿಟ್ಟು ಹೇಳಬೇಕು, ಇದು ಧ್ವನಿಮುದ್ರಣವಾಗುತ್ತಿದೆ’ ಎಂದಳು. ಬೆರಳೆತ್ತಿ ಮುಗಿಸಿದರೆ ನನ್ನ ಬಾಯಿಗೆ ಕೆಲಸವಿರುವುದಿಲ್ಲ ಎಂದು ಅಪ್ಪ ಲೆಕ್ಕ ಹಾಕಿದ್ದರು ಎಂದು ಈಗ ತಿಳಿಯುತ್ತದೆ. ಇಪ್ಪತ್ತೊಂಬತ್ತು ಪ್ರಶ್ನೆಗೆ ತಯಾರಿ ಮಾಡಿದ ಮನುಷ್ಯ ಇದೊಂದಕ್ಕೆ ಬೆರಳು ಸಾಕು ಎಂದುಕೊಂಡಿದ್ದರು.

“ಅಪ್ಪ, ಇಬ್ಬರು ಅಲ್ವಾ?” ಎಂದೆ.

ಅಪ್ಪ ನಕ್ಕರು. ಅಧಿಕಾರಿಗೆ ಕಾಣಲೆಂದು ನಕ್ಕರು. ಅದೇ ನಗುಮುಖದಲ್ಲಿ, ನನ್ನ ತಲೆ ಸವರುತ್ತಾ, ಕಥೆ ಹೇಳುವ ದನಿಯಲ್ಲಿ ಹೇಳಿದರು. “ಒಬ್ಬಳೇ ಅಂತ ಹೇಳು ಮಗಳೇ. ಮೊದಲನೇ ಕಾಗದದಲ್ಲಿ ಅವನ ಹೆಸರೇ ಬರೆದಿಲ್ಲ. ಇಬ್ಬರು ಅಂದ್ರೆ ಸುಳ್ಳು ಹೇಳಿ ಬಂದ್ರು ಅಂತ ಮೂವರನ್ನೂ ಓಡಿಸ್ತಾರೆ. ನಗ್ತಾ ಹೇಳು.”

ನಾನು ಅಮ್ಮನನ್ನು ನೋಡಿದೆ. ಅಮ್ಮ ಮಡಿಲಲ್ಲಿದ್ದ ಚೀಲದ ಜಿಪ್ಪನ್ನು ಎಳೆದಳು, ಮುಚ್ಚಿದಳು, ಮತ್ತೆ ಎಳೆದಳು. ಅವಳಿಗೂ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು.

‘ಒಬ್ಬಳು,’ ಎಂದೆ. ‘ನಾನೊಬ್ಬಳೇ.’

ಅಧಿಕಾರಿ ಟೈಪು ಮಾಡಿದಳು. ಆಮೇಲೆ ಪಾಪ, ಒಳ್ಳೆಯ ಮನಸ್ಸಿನಿಂದಲೇ, ನನ್ನನ್ನೇ ನೋಡಿ ಕೇಳಿದಳು, ‘ಒಬ್ಬಳಿಗೇ ಬೇಜಾರಾಗುವುದಿಲ್ಲವೇ? ಒಬ್ಬ ಅಣ್ಣನೋ ತಮ್ಮನೋ ಇದ್ದಿದ್ದರೆ ಅನಿಸುವುದಿಲ್ಲವೇ?’ ಅಪ್ಪನಿಗೂ ಅಮ್ಮನಿಗೂ ಒಂದು ಮಾತೂ ಅರ್ಥವಾಗಲಿಲ್ಲ. ಇಬ್ಬರೂ ಅವಳನ್ನು ನೋಡಿ ತಲೆಯಾಡಿಸಿ ನಕ್ಕರು.

‘ಇಲ್ಲ,’ ಎಂದೆ. ‘ನನಗೆ ಯಾರೂ ಬೇಡ.’

ಆ ಮಾತನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಅದು ನನ್ನದೇ. ಉಳಿದ ಇಪ್ಪತ್ತೊಂದು ಪ್ರಶ್ನೆಗಳನ್ನೂ ಹಾಗೇ ಮುಗಿಸಿದೆ. ಅಧಿಕಾರಿ ಎದ್ದು ನನ್ನ ಕೈಕುಲುಕಿದಳು.

ಬಸ್ ನಿಲ್ದಾಣದಲ್ಲಿ ನಾನು ಅಪ್ಪನ ಕೈ ಕೊಡವಿಬಿಟ್ಟೆ. “ಯಾಕೆ ಬರ್ದಿಲ್ಲ? ಅಣ್ಣನ ಹೆಸರು ಯಾಕೆ ಬರ್ದಿಲ್ಲ?”

“ಮೆಲ್ಲಗೆ ಮಾತಾಡೇ,” ಎಂದಳು ಅಮ್ಮ.

“ಯಾಕೆ ಮೆಲ್ಲಗೆ? ಇಲ್ಲಿ ಯಾರಿಗೆ ಕನ್ನಡ ಬರುತ್ತೆ?”

ಅಪ್ಪ ಬೆಂಚಿನ ಮೇಲೆ ಕುಳಿತು ಹೇಳಿದರು. ಕೆಲಸ ಕೊಡುವವರು ಕೊಟ್ಟಿದ್ದು ಒಂದೇ ಕೋಣೆ. ಒಂದು ಕೋಣೆಗೆ ಮೂವರಿಗಿಂತ ಹೆಚ್ಚು ಜನರನ್ನು ಬಿಡುವುದಿಲ್ಲ ಎಂದು ಆಗ ನಿಯಮವಿತ್ತು. ಈಗ ಒಂದು ಮಗು ಎಂದು ಬರೆಯೋಣ, ಇನ್ನೊಂದನ್ನು ಆಮೇಲೆ ಸೇರಿಸೋಣ ಎಂದ ಫಾರಂ ಮಾಮ. ಬಂದು ಎರಡು ವರ್ಷವಾದ ಮೇಲೆ ಅವನೇ ಹೇಳಿದ, ಮೊದಲ ಕಾಗದದಲ್ಲಿ ಬಚ್ಚಿಟ್ಟ ಮಗುವನ್ನು ಆಮೇಲೆ ಕರೆತರುವ ದಾರಿಯೇ ಇಲ್ಲ ಎಂದು.

“ಹಾಗಾದ್ರೆ ಎರಡು ವರ್ಷದಿಂದ ನಿಮಗೆ ಗೊತ್ತು.”

“ನೀನು ಚಿಕ್ಕವಳು. ಅವನು ನಾವಿಲ್ದೆ ಇರ್ತಿದ್ದ, ನೀನು ಇರ್ತಿರ್ಲಿಲ್ಲ. ಅದಕ್ಕೇ ನಿನ್ನ ಹೆಸರು ಬರೆಸಿದ್ವಿ.”

“ನಂಗೆ ಯಾಕೆ ಹೇಳ್ಲಿಲ್ಲ?”

“ಇದೆಲ್ಲ ಮಕ್ಕಳ ಹತ್ರ ಹೇಳೋ ಮಾತಲ್ಲಮ್ಮ,” ಎಂದಳು ಅಮ್ಮ.

“ಮಕ್ಕಳ ಹತ್ರ ಹೇಳ್ಬಾರ್ದು. ಮಕ್ಕಳ ಬಾಯಲ್ಲಿ ಹೇಳಿಸ್ಬೋದಾ?”

ಬಸ್ಸು ಬಂತು, ಹತ್ತಿದೆವು. ನಾನು ಬೇರೆ ಸೀಟಿನಲ್ಲಿ ಕುಳಿತೆ. ನಂಬಿಸಿ ಕತ್ತು ಕೊಯ್ಯುವುದು ಎಂದರೆ ಇದೇ, ಅದೂ ಸ್ವಂತ ಅಪ್ಪ ಅಮ್ಮ. ಕೊಯ್ಯುವುದಕ್ಕೆ ಚೂರಿಯಾಗಿ ಬಳಸಿದ್ದು ನನ್ನನ್ನು. ಇಳಿಯುವಾಗ ಅಪ್ಪ ಹತ್ತಿರ ಬಂದು, “ಅಣ್ಣನಿಗೆ ಏನೂ ಹೇಳ್ಬೇಡ. ಸಮಯ ನೋಡಿ ನಾನೇ ಹೇಳ್ತೀನಿ” ಎಂದರು. ನಾನು ಮುಂದೆ ನಡೆದುಬಿಟ್ಟೆ.

ಭಾನುವಾರ ಬೆಳಿಗ್ಗೆ ಅಮ್ಮ ಫೋನನ್ನು ಮೇಜಿನ ಮೇಲಿಟ್ಟು, ಎಲ್ಲರಿಗೂ ಕೇಳುವ ಹಾಗೆ ಗುಂಡಿ ಒತ್ತಿದಳು. ಆ ಕಡೆ ಅಣ್ಣ ಒಂದೇ ಉಸಿರಿನಲ್ಲಿ ಕೇಳಿದ. “ಏನಾಯ್ತೇ ಮೆಣಸಿನಕಾಯಿ? ನನ್ನ ಬಗ್ಗೆ ಕೇಳಿದ್ರಾ? ಬುಧವಾರ ಕೊನೇ ದಿನ ಕಣೇ. ಸೇರ್ಲಾ, ಬಿಡ್ಲಾ?”

ಅಪ್ಪ ನನ್ನತ್ತ ಕಣ್ಣು ಬಿಟ್ಟರು. ನಾನು ಅಪ್ಪನನ್ನೇ ನೋಡುತ್ತಾ ಮಾತನಾಡಿದೆ.

“ಸೇರ್ಕೋ ಅಣ್ಣ. ನಿನ್ನ ಹೆಸರು ಬರೆದೇ ಇಲ್ಲ. ಎಷ್ಟು ಮಕ್ಕಳು ಅಂತ ಕೇಳಿದ್ರು. ಅಪ್ಪ ಒಬ್ಬಳೇ ಅನ್ನು ಅಂದ್ರು. ನಾನು ಹಾಗೇ ಅಂದೆ. ನೀನು ಇಲ್ಲಿಗೆ ಬರೋ ಹಾಗಿಲ್ಲ. ಯಾವತ್ತೂ ಬರೋ ಹಾಗಿಲ್ವಂತೆ.”

ಫೋನು ಕಟ್ಟಾಯಿತೇನೋ ಎಂದುಕೊಂಡೆ. ಆಮೇಲೆ ಅಣ್ಣ ಕೇಳಿದ, “ಅಪ್ಪ ಇದ್ದಾರಾ?”

ಅಪ್ಪ ಇಲ್ಲವೆಂದು ಹೇಳು ಎಂಬಂತೆ ಕೈಯಾಡಿಸಿದರು.

“ಇಲ್ಲೇ ಇದ್ದಾರೆ. ನಿಮ್ಮಿಬ್ಬರಿಗೂ ಕನ್ನಡ ಬರುತ್ತೆ. ನೀವೇ ಮಾತಾಡ್ಕೊಳ್ಳಿ,” ಎಂದು ಫೋನನ್ನು ಅಪ್ಪನ ಮುಂದೆ ತಳ್ಳಿದೆ.

“ಅಪ್ಪ, ಇವಳು ಹೇಳ್ತಿರೋದು ನಿಜಾನಾ?”

ಅಪ್ಪ ಫೋನಿನ ಕಡೆ ಬಾಗಿದರು. ಹೇಳಿಬಿಡುತ್ತಾರೆ ಎಂದೇ ಅಂದುಕೊಂಡೆ. ಎರಡು ವರ್ಷದಿಂದ ಗಂಟಲಲ್ಲಿಟ್ಟುಕೊಂಡದ್ದನ್ನು ಇವತ್ತಾದರೂ ಉಗುಳುತ್ತಾರೆ ಎಂದು.

“ಅಯ್ಯೋ, ಅವಳ ಮಾತು ಏನು ಕೇಳ್ತೀಯೋ!” ಎಂದರು ಅಪ್ಪ. ನಗುತ್ತಾ ಎಂದರು. “ಹತ್ತು ವರ್ಷದ ಹುಡುಗಿ. ಆಫೀಸಿನ ಭಾಷೆ ಅವಳಿಗೆಲ್ಲಿ ತಿಳಿಯುತ್ತೆ? ಅವರು ಏನೋ ಕೇಳಿದ್ರು, ಇವಳು ಏನೋ ತಿಳ್ಕೊಂಡ್ಲು.”

ಒಂದಕ್ಷರ ಆಚೀಚೆ ಆಗಲ್ಲ ಎಂದು ಊರೆಲ್ಲ ಡಂಗುರ ಸಾರಿದ ಬಾಯಿ ಅದು.

ಅಣ್ಣ ದೊಡ್ಡದಾಗಿ ನಕ್ಕ. ಆ ನಗುವಿನ ತುದಿ ನಡುಗುತ್ತಿತ್ತು. “ನಾನೂ ಅದೇ ಅಂದ್ಕೊಂಡೆ ಅಪ್ಪ. ಒಂದು ನಿಮಿಷ ಜೀವ ಬಾಯಿಗೆ ಬಂದಿತ್ತು. ಹಾಗಾದ್ರೆ ಸೀಟು ಬೇಡ ಅಂತ ಹೇಳ್ಲಾ?”

“ಸೇರ್ಕೊಂಡಿದ್ರೂ ನಷ್ಟ ಇಲ್ಲ ಬಿಡು...”

“ಸೇರಿದ್ರೆ ಎರಡು ವರ್ಷ ಬಿಡೋ ಹಾಗಿಲ್ಲ ಅಪ್ಪ. ಅಷ್ಟರಲ್ಲಿ ಕಾಗದ ಬಂದ್ರೆ?”

ಅಪ್ಪ ಉಗುರಿನ ಬಿಳಿ ಸಿಮೆಂಟನ್ನು ಕೆರೆಯುತ್ತಾ ಕುಳಿತರು. ಅಣ್ಣ ನನ್ನನ್ನು ಕರೆದ. “ಏನೇ ಮೆಣಸಿನಕಾಯಿ, ಮಾತಾಡೇ. ನೀನೇ ತಪ್ಪು ತಿಳ್ಕೊಂಡಿದ್ದು ಅಲ್ವಾ? ಹೇಳೇ. ತಪ್ಪು ತಿಳ್ಕೊಂಡಿದ್ದು ತಾನೇ?”

ಅವನಿಗೆ ಹದಿನೈದು ವರ್ಷ. ಅವನು ಕೇಳುತ್ತಿರಲಿಲ್ಲ, ಬೇಡುತ್ತಿದ್ದ. ಮೇಜಿನ ಆಚೆ ಅಮ್ಮ ನನಗೆ ಕೈ ಮುಗಿದು ನಿಂತಿದ್ದಳು, ಹೆತ್ತ ತಾಯಿ ಹತ್ತು ವರ್ಷದ ಮಗಳಿಗೆ. ಒಂದು ಸಲ ನಿಜ ಹೇಳಿದ್ದೆ. ಎರಡನೇ ಸಲ ಹೇಳಲು ನನಗೆ ಬಾಯಿ ಬರಲಿಲ್ಲ.

“ಹೌದಣ್ಣ,” ಎಂದೆ. “ನಂಗೇ ಸರಿಯಾಗಿ ಅರ್ಥ ಆಗಿರ್ಲಿಲ್ಲ.”

ಬುಧವಾರ ಅವನು ಸೀಟು ಬಿಟ್ಟುಕೊಟ್ಟ.