ಇಪ್ಪತ್ತನೆಯ ಸುತ್ತು

"ಬೇಗ ತೆಗೀಬೇಡ ಮಗು. ಫರ್ನೇಸ್ ಒಳಗೇ ತಣ್ಣಗಾಗ್ಲಿ," ಎಂದರು ಪ್ರಯೋಗಾಲಯದ ಮುಖ್ಯಸ್ಥ ಇಂದುಶೇಖರ, ಮುಖದ ನಗು ಒಂದಿಷ್ಟೂ ಕದಲದಂತೆ. ಎದುರಿಗೆ ಕೂತಿದ್ದ ಪರಿಶೀಲನಾ ಸಮಿತಿಯ ಮೂವರಿಗೂ ಕನ್ನಡ ಬಾರದು. ಇಂದುಶೇಖರರೇ ತರಿಸಿದ್ದ ಡಬ್ಬಿಯಿಂದ ಅವರು ಕಾಜು ಬರ್ಫಿ ತಿನ್ನುತ್ತಿದ್ದರು.

ಪ್ರಜ್ಞಾ ಫರ್ನೇಸಿನ ಬಾಗಿಲ ಬಳಿ ನಿಂತಿದ್ದಳು. ನೋಯ್ಡಾದ ಈ ಪ್ರಯೋಗಾಲಯದಲ್ಲಿ ಮೂರು ವರ್ಷದಿಂದ ಅವಳದು ಇದೊಂದೇ ಕೆಲಸ: ಅಣು ರಿಯಾಕ್ಟರಿನ ಕೊಳವೆಗಳಿಗೆ ಹಚ್ಚುವ ಸೆರಾಮಿಕ್ ಲೇಪ ತಾಳುತ್ತದೋ ಇಲ್ಲವೋ ನೋಡುವುದು. ಲೇಪ ಹಚ್ಚಿದ ಲೋಹದ ತುಂಡನ್ನು ಸಾವಿರ ಡಿಗ್ರಿಗೆ ಕಾಯಿಸಿ ತಟ್ಟನೆ ಹೊರಗಿನ ಗಾಳಿಗಿಡಬೇಕು. ಹೀಗೆ ಇಪ್ಪತ್ತು ಸುತ್ತು. ಲೇಪ ಕಿತ್ತುಬಂದರೆ ಒಳಗಿನ ಲೋಹದ ಕತೆ ಮುಗಿಯಿತು. ಆದರೆ ಫರ್ನೇಸಿನ ಒಳಗೇ ಮೆಲ್ಲಗೆ ಆರಿಸಿದರೆ ಎಂಥ ಕಳಪೆ ಲೇಪವೂ ಅಂಟಿಕೊಂಡೇ ಇರುತ್ತದೆ. ಅವಳು ರಜೆಯಲ್ಲಿದ್ದಾಗ ಈ ಮಹಾನುಭಾವರು ಲೇಪ ಪಾಸಾಗಲೆಂದು ಹತ್ತೊಂಬತ್ತು ಸುತ್ತನ್ನೂ ಹಾಗೆಯೇ ಮುಗಿಸಿದ್ದರು. ಫರ್ನೇಸಿನ ದಾಖಲೆ ನೋಡಿ ನಿನ್ನೆಯಷ್ಟೇ ಅವಳಿಗೆ ಗೊತ್ತಾಗಿತ್ತು. ಕೊನೆಯ ಸುತ್ತು ಈಗ, ಸಮಿತಿಯ ಎದುರು.

ಭಾನುವಾರ ಬಂತೆಂದರೆ ದೆಹಲಿಯ ಮಯೂರ್ ವಿಹಾರದಲ್ಲಿರುವ ಅವಳ ಅಪ್ಪನ ಹೋಟೆಲಿಗೆ ಬಂದು, ಪುಕ್ಕಟೆ ನೀರುದೋಸೆ ತಿಂದು, ಚಟ್ನಿಯ ಬೆರಳು ಚೀಪುತ್ತ "ನಮ್ಮ ಹುಡುಗಿ, ನಾನಿದ್ದೀನಲ್ಲ" ಎನ್ನುತ್ತಿದ್ದ ಬಾಯಿ ಇದೇ. ಅವಳ ಕೆಲಸದ ಗುತ್ತಿಗೆ ಈ ತಿಂಗಳಿಗೆ ಮುಗಿಯುತ್ತಿತ್ತು.

"ಕೇಳಿಸ್ತಾ ಮಗು? ನಿನ್ನ ಕಾಂಟ್ರ್ಯಾಕ್ಟ್ ಫೈಲು ನನ್ನ ಟೇಬಲ್ ಮೇಲೇ ಇದೆ," ಎಂದರು, ಅದೇ ಮುದ್ದಿನ ದನಿಯಲ್ಲಿ.

ಥೂ. ಈ ಊರಲ್ಲಿ ಮೆಟ್ರೋದಲ್ಲಿ ಯಾರದೋ ಬಾಯಲ್ಲಿ ಕನ್ನಡ ಕೇಳಿದರೂ ಅವಳು ಆಸೆಯಿಂದ ತಿರುಗಿ ನೋಡುತ್ತಿದ್ದಳು. ಇವತ್ತು ಆ ಮಾತೇ ಎಂಜಲಾದಂತೆ ಅನಿಸಿತು.

ಅವಳು ಎಲ್ಲರಿಗೂ ಕೇಳುವಂತೆ ಹಿಂದಿಯಲ್ಲಿ ಉತ್ತರಿಸಿದಳು: "ಸರ್, ಅಂದರ್ ಠಂಡಾ ಕರೇಂಗೆ ತೋ ಯೇ ಟೆಸ್ಟ್ ಹೀ ನಹೀಂ ಹೈ." ಒಳಗೇ ಆರಿಸಿದರೆ ಇದು ಪರೀಕ್ಷೆಯೇ ಅಲ್ಲ.

ಬರ್ಫಿ ಅಗಿಯುತ್ತಿದ್ದ ದವಡೆಗಳು ನಿಂತವು. ಇಂದುಶೇಖರ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಫರ್ನೇಸಿನ ಬಾಗಿಲು ತೆಗೆದಿದ್ದಳು. ಉದ್ದನೆಯ ಇಕ್ಕಳದಲ್ಲಿ ತುಂಡನ್ನು ಹಿಡಿದು ತಂದು, ಸಮಿತಿಯೆದುರಿನ ಮೇಜಿನ ಮೇಲಿದ್ದ ಇಟ್ಟಿಗೆಯ ಮೇಲಿಟ್ಟಳು.

ಕೆಂಪು ನಿಧಾನವಾಗಿ ಇಳಿಯಿತು. ಟಿಕ್ ಎಂದಿತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ, ಟಿಕ್. ಲೇಪದ ಬಿಳಿಯ ಹಕ್ಕಳೆಯೊಂದು ಸಿಡಿದು ಸಿಹಿಡಬ್ಬಿಯೊಳಗೆ ಬಿತ್ತು.

ಸಮಿತಿಯ ಹಿರಿಯರು ಡಬ್ಬಿಯನ್ನು ಒಂದು ಬೆರಳಿನಿಂದ ಇಂದುಶೇಖರರ ಕಡೆಗೆ ಸರಿಸಿದರು.